ಯಮಹಾ ಗಾಡಿ, ಹೋಂಡಾ ಬ್ಯಾಟರಿ: ಹಮಾಮತ್ಸುನಲ್ಲಿ ಒಂದು ದಿನ

ಇದು ಜಪಾನಿನ ಹಮಾಮತ್ಸು ಸ್ಟೇಷನ್. ಬೆಳಿಗ್ಗೆ ಎಂಟೂವರೆ. ಆಫೀಸ್ ಕೆಲಸಕ್ಕೆ ಅಂತ ನಗೋಯಾಗೆ ಬಂದು ಮೂರು ವಾರ ಆಗಿತ್ತು. ಶುಕ್ರವಾರ ರಜೆ ಹಾಕಿ ಶಿಂಕಾನ್‌ಸೆನ್ ಅನ್ನೋ ಬುಲೆಟ್ ಟ್ರೇನ್ ಹತ್ತಿಬಿಟ್ಟೆ. ಜೊತೆಗಿದ್ದೋರೆಲ್ಲ ಕ್ಯೋಟೋಗೆ ಹೊರಟಿದ್ರು, ದೇವಸ್ಥಾನ ನೋಡೋಕೆ. ನಾನು ಬಂದಿದ್ದೂ ಒಂಥರಾ ದೇವಸ್ಥಾನಕ್ಕೇ.

ನಮ್ಮೂರು ತಿಪಟೂರು. ಮನೇಲಿ ಅಪ್ಪನ ಹತ್ರ ಹೀರೋ ಹೋಂಡಾ ಸಿಡಿ ಹಂಡ್ರೆಡ್, ಚಿಕ್ಕಪ್ಪನ ಹತ್ರ ಯಮಹಾ ಆರ್‌ಎಕ್ಸ್ ಹಂಡ್ರೆಡ್. ಅಪ್ಪಂಗೆ ಮೈಲೇಜು ಮುಖ್ಯ, ಚಿಕ್ಕಪ್ಪಂಗೆ ಸೌಂಡು. ಎದುರುಮನೆ ಮೇಷ್ಟ್ರು ಸುಜುಕಿ, ಕೊಬ್ಬರಿ ಮಂಡಿಯವರು ಕವಾಸಕಿ ಬಜಾಜ್. 1984ರಿಂದ 86ರೊಳಗೆ ಜಪಾನಿನ ನಾಲ್ಕೂ ಕಂಪನಿ ನಮ್ಮ ದೇಶದ ಒಂದೊಂದು ಕಂಪನಿಯ ಕೈ ಹಿಡ್ಕೊಂಡು ಬಂದಿದ್ವು. ಸುಜುಕಿಗೆ ಟಿವಿಎಸ್, ಹೋಂಡಾಗೆ ಹೀರೋ, ಯಮಹಾಗೆ ಎಸ್ಕಾರ್ಟ್ಸ್, ಕವಾಸಕಿಗೆ ಬಜಾಜ್. ನಮ್ಮ ಬೀದೀಲಿ ಸಂಜೆ ಆದ್ರೆ ಜಗಲಿ ಮೇಲೆ ಇದೇ ಜಗಳ.

ಆ ನಾಲ್ಕೇ ಕಂಪನಿ 2019ರ ಏಪ್ರಿಲ್‌ನಲ್ಲಿ ಜಪಾನಲ್ಲಿ ಒಂದು ಒಕ್ಕೂಟ ಮಾಡ್ಕೊಂಡ್ವು. ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಒಂದೇ ಥರ ಇರಲಿ, ಯಾರ ಗಾಡಿದು ಯಾರಿಗಾದ್ರೂ ಹೊಂದಲಿ ಅಂತ. ಅದು ಹೆಂಗೆ ಸಾಧ್ಯ ಆಯ್ತು ಅನ್ನೋ ಕುತೂಹಲಕ್ಕೇ ಈ ರಜೆ.

ಮೊದಲು ಇವಾಟಾ, ಯಮಹಾ ಊರು. ಹಮಾಮತ್ಸುಯಿಂದ ಲೋಕಲ್ ಟ್ರೇನಲ್ಲಿ ಹತ್ತು ನಿಮಿಷದ ಆಸುಪಾಸು. ಈಗ ಕಾಣ್ತಿರೋ ದೊಡ್ಡ ನದಿ ತೆನ್‌ರ್ಯೂ. ನದಿ ಈ ಕಡೆ ಸುಜುಕಿ ಹೆಡ್ ಆಫೀಸು, ಆ ಕಡೆ ಯಮಹಾ. ಹೋಂಡಾ ಕಂಪನಿ ಕಟ್ಟಿದ ಸೊಯಿಚಿರೊ ಹೋಂಡಾ ಹುಟ್ಟಿದ್ದು ಇದೇ ನದಿ ಮೇಲ್ಗಡೆ ಹೋದ್ರೆ ಸಿಗೋ ತೆನ್‌ರ್ಯೂ ಸೀಮೇಲಿ, 1906ರಲ್ಲಿ. ಕವಾಸಕಿ ಒಂದೇ ದೂರದ ನೆಂಟ, ಅವರದು ಅಕಾಶಿ. ಮಿಕ್ಕ ಮೂವರೂ ಒಂದೇ ನದಿ ನೀರು ಕುಡಿದೋರು.

ಯಮಹಾ ಮ್ಯೂಸಿಯಂ ಒಳಗಡೆ ಇದು ವೈಎ-1, 1955ರದ್ದು, ಅವರ ಮೊದಲನೇ ಬೈಕು. ಇಲ್ಲಿಯವರು ಇದನ್ನ ಕೆಂಪು ಏರೋಪ್ಲೇನ್ ಚಿಟ್ಟೆ ಅಂತ ಕರೀತಿದ್ರಂತೆ. ಹಾರ್ಮೋನಿಯಂಗೆ ಅಕ್ಕನಂಥ ಆರ್ಗನ್ ಮಾಡ್ತಿದ್ದ ಕಂಪನಿ. ಯುದ್ಧದಲ್ಲಿ ವಿಮಾನದ ಪ್ರೊಪೆಲ್ಲರ್ ಮಾಡ್ತು, ಆಮೇಲೆ ಆ ಯಂತ್ರಗಳಿಗೆ ಕೆಲಸ ಬೇಕಲ್ಲ, ಬೈಕಿಗೆ ಇಳೀತು. ನಾನು ಈ ಗಾಡಿ ಮುಂದೆ ಎಷ್ಟೊತ್ತು ನಿಂತಿದ್ದೆ ಅಂದ್ರೆ, ಒಬ್ಬ ಅಜ್ಜ ಬಂದು ಫೋಟೋ ತೆಗೀಲಾ ಅಂತ ಸನ್ನೆ ಮಾಡಿದ್ರು.

ಜಗಳದ ಕಥೆ ಬರೋದು ಈಗ. 1980ರ ದಶಕದ ಶುರುವಲ್ಲಿ ಹೋಂಡಾ ಕಾರಿನ ಕಡೆ ಗಮನ ಕೊಟ್ಟಿತ್ತು. ಇದೇ ಸಮಯ ಅಂತ ಯಮಹಾ ಹೊಸ ಫ್ಯಾಕ್ಟರಿ ಕಟ್ಟಿ, ಇನ್ನು ಬೈಕಲ್ಲಿ ನಾವೇ ನಂಬರ್ ಒನ್ ಅಂತ ಸಾರಿಬಿಡ್ತು. ಹೋಂಡಾ ಕಡೆಯಿಂದ ಬಂದ ಉತ್ತರ: ಯಮಹಾನ ಅರೆದುಹಾಕ್ತೀವಿ. ಬರೀ ಮಾತಲ್ಲ. ಹದಿನೆಂಟು ತಿಂಗಳಲ್ಲಿ ಹೋಂಡಾ ಹೊಸದಾಗಿ ತಂದಿದ್ದು, ಬದಲಾಯಿಸಿದ್ದು ಸೇರಿ 113 ಮಾಡೆಲ್. ವಾರಕ್ಕೊಂದಕ್ಕಿಂತ ಜಾಸ್ತಿ! ಯಮಹಾ ಮಾಡಿದ್ದು 37. ಗೋಡೌನ್ ತುಂಬ ಮಾರಾಟವಾಗದ ಗಾಡಿ ಇಟ್ಕೊಂಡು 1983ರ ಜನವರಿಯಲ್ಲಿ ಯಮಹಾ ಅಧ್ಯಕ್ಷರು ಎಲ್ಲರೆದುರು ಸೋಲು ಒಪ್ಪಿಕೊಂಡ್ರು. ಮ್ಯೂಸಿಯಂನಲ್ಲಿ ಇದರ ಬಗ್ಗೆ ಒಂದು ಬೋರ್ಡಾದ್ರೂ ಇರುತ್ತಾ ಅಂತ ಹುಡುಕಿದೆ. ನನ್ನ ಕಣ್ಣಿಗಂತೂ ಬೀಳಲಿಲ್ಲ. ಯಾರು ಹಾಕ್ತಾರೆ ಹೇಳಿ.

ಇಷ್ಟು ಕಿತ್ತಾಡಿದೋರು ಒಂದಾಗಿದ್ದು ಪ್ರೀತಿಯಿಂದ ಅಲ್ಲ. 1982ರಲ್ಲಿ ಜಪಾನಲ್ಲಿ ವರ್ಷಕ್ಕೆ ಸುಮಾರು 33 ಲಕ್ಷ ದ್ವಿಚಕ್ರ ವಾಹನ ಮಾರಾಟ ಆಗಿತ್ತು. ಈಗ ನಾಲ್ಕು ಲಕ್ಷ ಆದ್ರೆ ಹೆಚ್ಚು. ಜಮೀನೇ ಇಷ್ಟು ಚಿಕ್ಕದಾದ್ಮೇಲೆ ಬದುವಿಗಾಗಿ ಎಷ್ಟು ಅಂತ ಬಡಿದಾಡ್ತೀರ?

ಇನ್ನೊಂದು ಕಾರಣ ಬ್ಯಾಟರಿನೇ. ಹೋಂಡಾದ ಮೊಬೈಲ್ ಪವರ್ ಪ್ಯಾಕ್ ಅಂತ ಒಂದು ಡಬ್ಬ ಇದೆ. ಮೇಲೆ ಹಿಡಿಕೆ, ತೂಕ ಹತ್ತು ಕೆಜಿ ಚಿಲ್ಲರೆ, ಒಳಗೆ ಸುಮಾರು 1.3 ಯೂನಿಟ್ ಕರೆಂಟು. ನಮ್ಮ ಕರೆಂಟ್ ಬಿಲ್ಲಲ್ಲಿ ಬರೋ ಅದೇ ಯೂನಿಟ್ಟು. ಲೆಕ್ಕ ಹಾಕಿ ನೋಡಿದೆ: ಅಷ್ಟು ಶಕ್ತಿ ಪೆಟ್ರೋಲಲ್ಲಿ ಇರೋದು 150 ಎಂಎಲ್ ಒಳಗೆ. ಒಂದು ಕ್ವಾರ್ಟರ್ ಬಾಟ್ಲಿಗಿಂತ ಕಮ್ಮಿ! ಇಂಜಿನ್ ಅದರಲ್ಲಿ ಮುಕ್ಕಾಲು ಪಾಲು ಬಿಸಿ ಮಾಡಿ ಹಾಳುಮಾಡುತ್ತೆ, ಮೋಟಾರ್ ಹಾಗೆ ಮಾಡಲ್ಲ, ಅದಕ್ಕೇ ಏನೋ ನಡೆಯುತ್ತೆ. ಆದ್ರೂ ಸಣ್ಣ ಗಾಡೀಲಿ ದೊಡ್ಡ ಬ್ಯಾಟರಿಗೆ ಜಾಗ ಇಲ್ಲ, ಚಾರ್ಜ್ ಆಗೋಕೆ ಗಂಟೆಗಟ್ಟಲೆ ಬೇಕು. ಖಾಲಿದು ಕೊಟ್ಟು ತುಂಬಿದ್ದು ತಗೊಳ್ಳೋದೇ ದಾರಿ. ನಮ್ಮ ಗ್ಯಾಸ್ ಸಿಲಿಂಡರ್ ಇದ್ದ ಹಾಗೆ.

ಈಗ ನಾಲ್ಕು ಕಂಪನಿ ನಾಲ್ಕು ಥರ ಸಿಲಿಂಡರ್ ಮಾಡಿದ್ರೆ? ಪ್ರತಿ ಬೀದೀಲಿ ನಾಲ್ಕು ಅಂಗಡಿ ಬೇಕು, ನಾಲ್ಕೂ ನೊಣ ಹೊಡೀಬೇಕು.

2020ರ ಸೆಪ್ಟೆಂಬರ್‌ನಲ್ಲಿ ಒಸಾಕಾ ಯೂನಿವರ್ಸಿಟಿ ಹುಡುಗರಿಗೆ ಸ್ಕೂಟರ್ ಕೊಟ್ಟು ಪರೀಕ್ಷೆ ಶುರುಮಾಡಿದ್ರು. ಬ್ಯಾಟರಿ ಬದಲಾಯಿಸೋ ಪೆಟ್ಟಿಗೆ ಅಂಗಡಿಗಳ ಹತ್ರ. ಆ ಪರೀಕ್ಷೆ ಹೆಸರು ‘ಈ-ಯಾನ್ ಒಸಾಕಾ’. ಒಸಾಕಾ ಭಾಷೇಲಿ ಈಯಾನ್ ಅಂದ್ರೆ, ನಮ್ಮ ಕಡೆ ಹೇಳೋದಾದ್ರೆ, ‘ಚೆನ್ನಾಗೈತಲ್ಲ’! 2021ರ ಮಾರ್ಚ್‌ನಲ್ಲಿ ಒಪ್ಪಂದ ಆಯ್ತು: ಬದಲಾಯಿಸೋ ಬ್ಯಾಟರಿಗೆ ನಾಲ್ವರದ್ದೂ ಒಂದೇ ಮಾನದಂಡ. 2022ರಲ್ಲಿ ಬ್ಯಾಟರಿ ಬದಲಾಯಿಸಿಕೊಡೋಕೆ ಗಚಾಕೊ ಅಂತ ಕಂಪನಿನೂ ಬಂತು. ಹೆಸರು ಹೇಳಿದ್ರೇ ಬ್ಯಾಟರಿ ಗೂಡಲ್ಲಿ ಕೂತ ಸದ್ದು ಕೇಳುತ್ತೆ ನಂಗೆ. ಅದರ ಪಾಲು ನೋಡಿ, ಅಲ್ಲಿದೆ ಮಜಾ. ಪೆಟ್ರೋಲ್ ಮಾರೋ ಎನಿಯೋಸ್‌ಗೆ 51 ಪರ್ಸೆಂಟ್, ಹೋಂಡಾಗೆ 34, ಯಮಹಾ, ಸುಜುಕಿ, ಕವಾಸಕಿಗೆ ಐದೈದು.

ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿದ್ದಾರೆ, ಆದ್ರೆ ಅಡುಗೆ ಹೋಂಡಾದ್ದು. ಗಚಾಕೊ ಗೂಡಲ್ಲಿ ಇರೋದು ಹೋಂಡಾ ಡಬ್ಬ. 2024ರ ಆಗಸ್ಟ್‌ನಲ್ಲಿ ಇನ್ನೊಂದು ಸುದ್ದಿ ಬಂತು: ಹೋಂಡಾ ತನ್ನ ಎಲೆಕ್ಟ್ರಿಕ್ ಸ್ಕೂಟರನ್ನೇ ಯಮಹಾಗೆ ಮಾಡಿಕೊಡೋಕೆ ಮಾತಾಗಿದೆ, ಯಮಹಾ ಹೆಸರಲ್ಲಿ ಮಾರೋಕೆ. 1983ರಲ್ಲಿ ಇದನ್ನ ಇವಾಟಾದಲ್ಲಿ ಯಾರಾದ್ರೂ ಹೇಳಿದ್ರೆ ನದಿಗೆ ತಳ್ತಿದ್ರೇನೋ. ಹಾಗಂತ ಯಮಹಾ ಪೆದ್ದಲ್ಲ. ತೈವಾನಲ್ಲಿ 2019ರಲ್ಲಿ ಗೊಗೊರೊ ಅನ್ನೋ ಅಲ್ಲಿನ ಕಂಪನಿ ಬ್ಯಾಟರಿ ಹಾಕಿ ಇಸಿ-05 ಅಂತ ಸ್ಕೂಟರ್ ಬಿಟ್ಟಿತ್ತು. ಅಲ್ಲಿ ಊರ ತುಂಬ ಗೊಗೊರೊ ಪೆಟ್ಟಿಗೆಗಳೇ ಇದ್ವಲ್ಲ. ಯಾವೂರಲ್ಲಿ ಯಾರ ಬಾವಿಲಿ ನೀರಿದೆಯೋ ಅಲ್ಲಿ ಸೇದಿಕೊಳ್ಳೋದು.

ಮಧ್ಯಾಹ್ನ ಸುಜುಕಿ ಮ್ಯೂಸಿಯಂ. ಮುಂಚೆನೇ ಬುಕ್ ಮಾಡ್ಬೇಕು, ನಾನು ಮಾಡಿರಲಿಲ್ಲ. ವಿಡಿಯೋಗೆ ಗೇಟಿನ ಶಾಟ್ ಅಷ್ಟೇ.

ಬೆಂಗಳೂರಲ್ಲಿರೋರಿಗೆ ಈ ಡಬ್ಬ ನೋಡೋಕೆ ಇಷ್ಟು ದೂರ ಬರೋದು ಬೇಡ. ಹೋಂಡಾದ ಎಲೆಕ್ಟ್ರಿಕ್ ಸ್ಕೂಟರ್ ಆಕ್ಟಿವಾ ಇ ಸೀಟ್ ಎತ್ತಿದ್ರೆ ಅದೇ ಮನೆತನದ್ದು, ಒಂದೂವರೆ ಯೂನಿಟ್ಟಿನವು ಎರಡು ಕೂತಿರುತ್ತೆ. ಗಾಡಿ ತಯಾರಾಗಿದ್ದು ಕೋಲಾರದ ದಾರೀಲಿ, ನರಸಾಪುರದಲ್ಲಿ. ಬ್ಯಾಟರಿ ಕೂತ ಮೇಲೆ ಸೀಟಿನಡಿ ತರಕಾರಿ ಚೀಲಕ್ಕೆ ಜಾಗ ಇಲ್ಲ. ಅಮ್ಮ ಇದನ್ನ ಯಾವತ್ತೂ ಒಪ್ಪಲ್ಲ. ಆದ್ರೆ ನಮ್ಮ ಕೆಲವು ಕಂಪನಿಗಳು ಒಂದಾಗಿರೋದು ಬೇರೆ ಜಾಗದಲ್ಲಿ, ಪ್ಲಗ್‌ನಲ್ಲಿ. ಎಲೆಕ್ಟ್ರಿಕ್ ಸ್ಕೂಟರ್ ಮಾಡೋ ಏಥರ್ ತನ್ನ ಚಾರ್ಜಿಂಗ್ ಪ್ಲಗ್ ವಿನ್ಯಾಸವನ್ನ ಬೇರೆಯವರಿಗೂ ಬಿಟ್ಟುಕೊಡ್ತು, ಹೀರೋದ ವೀಡಾ ಸ್ಕೂಟರ್ ಅದನ್ನೇ ತಗೊಳ್ತು, 2023ರಲ್ಲಿ ಅದು ಬಿಐಎಸ್ ಮಾನದಂಡ, ಅಂದ್ರೆ ನಮ್ಮ ದೇಶದ ಅಧಿಕೃತ ಮಾನದಂಡನೂ ಆಯ್ತು. ಬ್ಯಾಟರಿ ಅವರವರದ್ದೇ, ತೂತು ಒಂದೇ. ನಂಗೆ ಇದೇ ನಮ್ಮೂರಿಗೆ ಸರಿ ಅನ್ಸುತ್ತೆ. ರಾತ್ರಿ ಮನೆ ಮುಂದೆ ಗಾಡಿ ಚಾರ್ಜಿಗೆ ಹಾಕೋಕೆ ಜಾಗ ಇರೋನು ಹತ್ತು ಕೆಜಿ ಡಬ್ಬ ಯಾಕೆ ಎತ್ತಾಡ್ತಾನೆ? ಆಟೋದವರಿಗೆ, ಡೆಲಿವರಿ ಹುಡುಗರಿಗೆ ಮಾತ್ರ ಅದು ಬೇಕೇಬೇಕು.

ಸಂಜೆ ಹೋಟೆಲಿಂದ ಚಿಕ್ಕಪ್ಪಂಗೆ ವಿಡಿಯೋ ಕಾಲ್ ಮಾಡಿದೆ. ವೈಎ-1 ತೋರಿಸಿದೆ, ಖುಷಿಪಟ್ರು. ಆಮೇಲೆ ಮೆಲ್ಲಗೆ ಹೇಳಿದೆ, “ಚಿಕ್ಕಪ್ಪ, ಇನ್ಮೇಲೆ ಯಮಹಾ ಸ್ಕೂಟರ್‌ಗೂ ಹೋಂಡಾ ಬ್ಯಾಟರಿನೇ.” ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಹಿಂದೆ ಅಪ್ಪ ನಗ್ತಿರೋದು ಕೇಳಿಸ್ತಿತ್ತು.

“ಸೌಂಡ್ ಹೆಂಗೈತ್ಲಾ ಅದರದ್ದು?”

“ಸೌಂಡೇ ಇಲ್ಲ ಚಿಕ್ಕಪ್ಪ.”

“ಹಂಗಾದ್ರೆ ಯಾರದ್ದು ಹಾಕಂಡ್ರೇನು, ಬಿಡು ಅತ್ಲಾಗೆ.”