ಹಲಸಿನ ಮಂಚವೂ ನನ್ನ ಸೊಂಟವೂ

ಎಲ್ಲರಿಗೂ ನಮಸ್ಕಾರ. ಆ ಮೈಕ್ ಸ್ವಲ್ಪ ಕೆಳಗಿಳಿಸ್ತೀರಾ? ಹಾಂ, ಸಾಕು. ನೋಡಿ, ಮೈಕಿಗೂ ಎತ್ತರ ಬದಲಿಸುವ ತಿರುಪು ಇದೆ. ನಾನು ಫಿಜಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷ ದುಡಿದ, ರೋಗಿಗಳನ್ನು ಮಲಗಿಸುವ ಮಂಚಗಳಿಗೆ ಅದೊಂದು ಇರಲಿಲ್ಲ. ನನ್ನ ಮಾತೆಲ್ಲ ಇಷ್ಟೇ. ಆದರೆ ನೀವು ಅರ್ಧ ಗಂಟೆ ಕೊಟ್ಟಿದ್ದೀರಿ!

ಸೆಪ್ಟೆಂಬರ್ 8, ವಿಶ್ವ ಫಿಜಿಯೋಥೆರಪಿ ದಿನ ಬಂತೆಂದರೆ ಫಿಜಿಯೋಗಳನ್ನು ಕರೆದು, ಶಾಲು ಹೊದೆಸಿ, ಮೊಣಕಾಲು ನೋವಿನ ಬಗ್ಗೆ ಹೇಳಿ ಅನ್ನುತ್ತಾರೆ. ಈ ಸಲ ನಮ್ಮ ಸೊಂಟದ ಬಗ್ಗೆಯೇ ಹೇಳುತ್ತೇನೆ ಅಂದೆ. ಸಂಘಟಕರು ಒಂದು ಗಳಿಗೆ ಸುಮ್ಮನಾದರು.

ಆಗ ಕರಾವಳಿಯ ಒಂದು ಆಸ್ಪತ್ರೆಯಲ್ಲಿದ್ದೆ. ಮಳೆಗಾಲ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯಲು ಮರ ಹತ್ತಿದವರೊಬ್ಬರು ಜಾರಿ ಬಿದ್ದು, ಬೆನ್ನಿನ ಆಪರೇಷನ್ ಆಗಿ ಬಂದಿದ್ದರು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆ ನಿಮಗೆ ಗೊತ್ತೇ ಇದೆ. ಆಪರೇಷನ್ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಮಂಗಳೂರಲ್ಲೋ. ಎತ್ತಿ ಕೂರಿಸುವುದಕ್ಕೆ ಮಾತ್ರ ನಾವು. ಮರ ಹತ್ತುವ ಆಳು, ಸಣಕಲು, ಅರವತ್ತು ಕಿಲೋ ಇರಬಹುದು. ಆದರೆ ಕಾಲಿಗೆ ಬಲವೇ ಇಲ್ಲದ ಅರವತ್ತು ಕಿಲೋ ಬೇರೆಯೇ ಮಾರಾಯ್ರೆ. ಒಂದು ಕಾಲೇ ಹತ್ತು ಕಿಲೋ ಹತ್ತಿರ ತೂಗುತ್ತದೆ.

ಮಂಚದಿಂದ ಗಾಲಿಕುರ್ಚಿಗೆ ದಾಟಿಸಬೇಕು. ಮಂಚ ತಗ್ಗು, ಕುರ್ಚಿ ಎತ್ತರ. ದೇವಿಮನೆ ಘಟ್ಟದಲ್ಲಿ ಕೆಟ್ಟು ನಿಂತ ಗಾಡಿಯನ್ನು ಮೇಲಕ್ಕೆ ತಳ್ಳಿದ ಹಾಗೆ. ಆಯಾ ಬೇರೆ ವಾರ್ಡಿಗೆ ಹೋಗಿದ್ದಳು. ಅವರ ಹೆಂಡತಿ, 'ನಾ ಹಿಡಿತೆ ತಂಗಿ' ಅಂದರು. ಅರ್ಧ ದಾರಿಯಲ್ಲಿ ಆ ಮನುಷ್ಯ ಹೆದರಿ ನನ್ನ ಕುತ್ತಿಗೆಗೆ ಜೋತುಬಿದ್ದರು. ಮರದಿಂದ ಒಮ್ಮೆ ಬಿದ್ದವರು, ಹೆದರದೆ ಇರುತ್ತಾರಾ? ನಾನು ಕೈ ಬಿಡಲಿಲ್ಲ. ಸೊಂಟದಲ್ಲಿ ಕಟಕ್ ಅಂತು. ಅವರು ಕುರ್ಚಿಯಲ್ಲಿ ಕೂತರು, ಅವರ ಮಂಚದ ಮೇಲೆ ನಾನು ಮಲಗಿದೆ.

ಹನ್ನೊಂದು ದಿನ ರಜೆ, ನನ್ನದೇ ಲೆಕ್ಕದಲ್ಲಿ. ಸೊಂಟದ ಬೆಲ್ಟೂ ನನ್ನದೇ ದುಡ್ಡಿನದು. ವಾಪಸ್ ಹೋದಾಗ ಆಡಳಿತದವರು, 'ನೀವೇ ಫಿಜಿಯೋ ಅಲ್ವಾ ಮೇಡಂ, ನಿಮಗೇ ಸೊಂಟ ನೋವಾ?' ಅಂದರು. ಮೀನು ಮಾರುವವಳಿಗೆ ಮುಳ್ಳು ಚುಚ್ಚುವುದಿಲ್ಲವಾ ಸಾರ್ ಅಂತ ಕೇಳಿದೆ. ಆಮೇಲೆ ನಮಗೊಂದು ತರಬೇತಿ ಇಟ್ಟರು. ಬೆನ್ನು ನೇರ ಇಡಿ, ಮೊಣಕಾಲು ಮಡಚಿ! ಇದನ್ನು ಊರಿಗೆಲ್ಲ ಹೇಳಿಕೊಡುವವರಿಗೆ!

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಫಿಜಿಯೋಗಳ ಒಂದು ಸಮೀಕ್ಷೆ 2000ರಲ್ಲಿ ಪ್ರಕಟವಾಯಿತು. ಶೇ. 91 ಮಂದಿಗೆ ಯಾವಾಗಲಾದರೂ ಒಮ್ಮೆ ಕೆಲಸದಿಂದಲೇ ನೋವು ಬಂದಿತ್ತು. ಆರರಲ್ಲಿ ಒಬ್ಬರು ಅದೇ ಕಾರಣಕ್ಕೆ ವಿಭಾಗ ಬದಲಿಸಿದ್ದರು, ಇಲ್ಲವೇ ವೃತ್ತಿಯನ್ನೇ ಬಿಟ್ಟಿದ್ದರು. ಅವರಿಗೆ ಬೆನ್ನು ನೇರ ಇಡಲು ಬರುತ್ತಿರಲಿಲ್ಲವಾ? ಬರೀ ಎತ್ತುವ ಕ್ರಮ ಕಲಿಸಿದರೆ ಸೊಂಟ ನೋವು ತಪ್ಪುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಷ್‌ನ (NIOSH) ಲೆಕ್ಕದಲ್ಲಿ, ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಬೀಳಬಹುದಾದ ಭಾರ ಹೆಚ್ಚೆಂದರೆ 16 ಕಿಲೋ. ಅದರ ಮೇಲಾದರೆ ಸಾಧನ ಬೇಕು. 25 ಕಿಲೋ ಅಕ್ಕಿ ಮೂಟೆಯಾದರೂ ಕುತ್ತಿಗೆಗೆ ಜೋತುಬೀಳುವುದಿಲ್ಲ.

ಅದಕ್ಕೇ ಹೇಳುವುದು, ಮಂಚ ಏರಿಳಿಯಬೇಕು. ಈ ಘಟ್ಟದ ಮೇಲೆಯೇ ಒಬ್ಬ ಮಾಲೀಕರು ಹೊಸ ಕ್ಲಿನಿಕ್ ತೋರಿಸಲು ಕರೆದರು. ತಮ್ಮದೇ ಬ್ಯಾಣದ ಹಲಸಿನ ಮರ ಕೊಯ್ಸಿ ಮಂಚ ಮಾಡಿಸಿದ್ದರು. ಹಳದಿ ಹೊಳಪು, ನುಣುಪು, ಚೆಂದವೋ ಚೆಂದ. ಗುದ್ದಿ ತೋರಿಸಿದರು: 'ಅಲುಗಾಡೋದೇ ಇಲ್ಲ ನೋಡಿ.' ಅಲುಗಾಡದೆ ಇರುವುದೇ ತೊಂದರೆ ಸಾರ್ ಅಂದೆ. ಅವರ ಕ್ಲಿನಿಕ್ಕಿನ ಹುಡುಗಿ ಐದಡಿ ಇಲ್ಲ, ಹುಡುಗ ಆರಡಿ. ಇಬ್ಬರಿಗೂ ಅದೇ ಮಂಚ. ಅವಳು ಸ್ಟೂಲ್ ಹತ್ತಬೇಕು, ಅವನು ದಿನವಿಡೀ ಗದ್ದೆಯಲ್ಲಿ ನೇಜಿ ನೆಟ್ಟ ಹಾಗೆ ಬಗ್ಗಬೇಕು.

ಚೀಟಿ ಬಂತು. ಐದೇ ನಿಮಿಷವಂತೆ. ಸರಿ, ಬೇಗ ಬೇಗ.

ಹೆಬ್ಬೆರಳು. ನಾವು ರೋಗಿಯ ಮೈ ಒತ್ತುವುದು ಅದರಿಂದಲೇ. ತುದಿಯಲ್ಲಿ ಒಂದು ಕಿಲೋ ಒತ್ತಿದರೆ ಬುಡದ ಕೀಲಿನ ಮೇಲೆ ಹನ್ನೆರಡು ಕಿಲೋವರೆಗೆ ಬೀಳುತ್ತದೆ. ದಿನಕ್ಕೆ ಎಷ್ಟು ರೋಗಿಗಳು ಎಂದು ನಿಗದಿ ಮಾಡುವವರು ಆ ಹೆಬ್ಬೆರಳನ್ನೂ ಲೆಕ್ಕಕ್ಕೆ ಹಿಡಿಯಲಿ.

ಕಾನೂನು. ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಗಾಯ ಮಾಡುವಂಥ ಅಪಾಯ ಇಲ್ಲದ ಹಾಗೆ ಜಾಗವನ್ನು ಇಡುವುದು ಮಾಲೀಕರ ಕರ್ತವ್ಯ. ಅದರ ಖರ್ಚನ್ನು ಕೆಲಸದವರ ಮೇಲೆ ಹೊರಿಸುವ ಹಾಗಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆಗೆ ಇದು. ನಮ್ಮ ಎಷ್ಟೋ ಕ್ಲಿನಿಕ್ಕುಗಳಲ್ಲಿ ಮೂರೇ ಜನ, ಅದೂ ನಿಜ. ಆದರೆ ಮೂರು ಜನರ ಸೊಂಟವೂ ಸೊಂಟವೇ ಅಲ್ವಾ?

ರೋಗಿಯನ್ನು ಸರಿಸುವ ಜಾರುಬಟ್ಟೆ, ದಾಟಿಸುವ ಹಲಗೆ, ಅವರ ಸೊಂಟಕ್ಕೆ ಕಟ್ಟಿ ಹಿಡಿಯುವ ಬೆಲ್ಟ್, ಇವೆಲ್ಲ ಮಂಚದಷ್ಟು ದುಬಾರಿ ಅಲ್ಲ. ಎಳೆಯ ಫಿಜಿಯೋಗಳಿಗೆ ಒಂದು ಮಾತು: ನೋವಾದ ದಿನವೇ ರಿಜಿಸ್ಟರಿನಲ್ಲಿ ಬರೆಸಿ. ನಾನು ಬರೆಸಿರಲಿಲ್ಲ. ರೋಗಿಗಳೆದುರು ನಾಚಿಕೆ ಅನ್ನಿಸಿತ್ತು.

ಹಿಂದೆ ಯಾರೋ ಕೈ ಎತ್ತಿದ್ದಾರೆ. ಏನು, ಏರಿಳಿಯುವ ಮಂಚದ ಬೆಲೆಯಾ? ಊಟಕ್ಕೆ ಕೂತಾಗ ಹೇಳುತ್ತೇನೆ. ಈಗಲೇ ಹೇಳಿದರೆ ಮಾಲೀಕರಿಗೆ ತಂಬುಳಿ ಗಂಟಲಲ್ಲಿ ಇಳಿಯಲಿಕ್ಕಿಲ್ಲ.