ಗಾಜಿನ ಪೆಟ್ಟಿಗೆಯೊಳಗಿನ ಕೂಸು

ಕೇಳುಗರಿಗೆ ನಮಸ್ಕಾರ.

"ಮಗಳಿಗೆ ಹೆರಿಗೆ ಆಯ್ತು, ಕೂಸನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ." ಪೆಟ್ಟಿಗೆ ಅಂದರೆ ಕೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್. ಈ ಮಾತು ಕಿವಿಗೆ ಬಿದ್ದ ಕೂಡಲೇ ನೆಂಟರು ಕೇಳುವುದು, "ತೂಕ ಎಷ್ಟು?" ಮಕ್ಕಳ ವೈದ್ಯರು ಅದರ ಜೊತೆಗೇ ಕೇಳುವ ಇನ್ನೊಂದು ಪ್ರಶ್ನೆ ಇದೆ: ಬಸಿರಿನ ಎಷ್ಟನೇ ವಾರಕ್ಕೆ ಹುಟ್ಟಿತು? 37 ವಾರ ತುಂಬುವ ಮೊದಲೇ ಹುಟ್ಟಿದ್ದು ದಿನ ತುಂಬದ ಕೂಸು. ಒಂದೂಮುಕ್ಕಾಲು ಕಿಲೋ ತೂಗುವ ಕೂಸು 38 ವಾರದ್ದಾದರೆ ಉಸಿರಾಟ ಸಾಮಾನ್ಯವಾಗಿ ಸಲೀಸು, ರಕ್ತದಲ್ಲಿ ಸಕ್ಕರೆ ಇಳಿಯುವ ಭಯವೇ ಹೆಚ್ಚು. ಅಷ್ಟೇ ತೂಕದ 32 ವಾರದ ಕೂಸಿನ ಕಥೆ ಬೇರೆ.

ಅದರ ಮೊದಲ ಕಷ್ಟ ಉಸಿರು. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿ ಅಂಟಿಕೊಂಡರೆ ಬಿಡಿಸಲು ಎಷ್ಟು ಪಾಡು! ಶ್ವಾಸಕೋಶದ ಪುಟ್ಟ ಗಾಳಿಗೂಡುಗಳೂ ಹಾಗೇ ಅಂಟಿಕೊಳ್ಳುತ್ತವೆ. ಅಂಟದಂತೆ ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಜಿಡ್ಡು. ಅದು ಸಾಕಷ್ಟು ಒದಗುವುದು 34–35 ವಾರದ ಹೊತ್ತಿಗೆ. ಅದಿಲ್ಲದ ಕೂಸು ನಿಮಿಷಕ್ಕೆ 60ಕ್ಕೂ ಹೆಚ್ಚು ಸಲ ಉಸಿರೆಳೆಯುತ್ತದೆ, ಪಕ್ಕೆ ಒಳಸೇರುತ್ತದೆ, ಉಸಿರು ಬಿಡುವಾಗ ನರಳುತ್ತದೆ.

ಆಗ ಹಾಕುವುದು ಸಿಪ್ಯಾಪ್, ಒತ್ತಡದಲ್ಲಿ ಗಾಳಿ ಕೊಡುವ ಸಾಧನ. ಮೂಗಿಗೆ ಕೊಳವೆ, ಗಾಳಿ ಹೊರಹೋಗುವ ಇನ್ನೊಂದು ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಸುಮಾರು 5 ಸೆಂಟಿಮೀಟರ್ ಮುಳುಗಿರುತ್ತದೆ. ಆ ಒತ್ತಡವೇ ಗಾಳಿಗೂಡು ಮುಚ್ಚದಂತೆ ಹಿಡಿದಿಡುತ್ತದೆ. ಗುಳುಗುಳು ಸದ್ದು ನಿಂತರೆ ದಾದಿ ಓಡಿಬರುತ್ತಾರೆ: ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಕೂಸು ಬಾಯಿ ತೆರೆದಿದೆ. ಅಷ್ಟಕ್ಕೂ ಸುಧಾರಿಸದಿದ್ದರೆ ಸರ್ಫ್ಯಾಕ್ಟಂಟನ್ನೇ ಶ್ವಾಸನಾಳಕ್ಕೆ ಬಿಡುತ್ತಾರೆ. 34 ವಾರದ ಒಳಗೆ ಹೆರಿಗೆ ನೋವು ಕಾಣಿಸಿಕೊಂಡಾಗ ತಾಯಿಗೇ, ಕೂಸಿನ ಶ್ವಾಸಕೋಶ ಬೇಗ ಬಲಿಯಲೆಂದು, ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಟ್ಟರೆ ಈ ಪಾಡು ಬಹಳಷ್ಟು ತಗ್ಗುತ್ತದೆ. 12 ಗಂಟೆಗೊಂದರಂತೆ 6 ಮಿಲಿಗ್ರಾಂನ ನಾಲ್ಕು ಡೋಸ್. ದೊಡ್ಡ ಆಸ್ಪತ್ರೆಗೆ ಕಳಿಸುವುದಿದ್ದರೂ ಮೊದಲ ಡೋಸ್ ಕೊಟ್ಟೇ ಕಳಿಸಬೇಕು.

ಇನ್ನು ಕಾವು. ಚರ್ಮದಡಿ ಕೊಬ್ಬಿಲ್ಲದ ಮೈ ಬೇಗ ತಣ್ಣಗಾಗುತ್ತದೆ. ಮೈ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಾವಿಗಾಗಿ ಕೂಸು ಸಕ್ಕರೆ, ಆಮ್ಲಜನಕ ಎರಡನ್ನೂ ಸುಡುತ್ತದೆ. ಉಸಿರಿನ ಕಷ್ಟ ಇನ್ನಷ್ಟು ಏರುತ್ತದೆ. ಇಂಥ ಕೂಸಿಗೆ ಎಣ್ಣೆ ನೀರಿನ ಶಾಸ್ತ್ರ ಮಾಡಲು ಹೊರಡುವ ಅಜ್ಜಿಯರೇ, ದಯವಿಟ್ಟು ತಡೆಯಿರಿ.

ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರ ಆಗಬೇಕು. ಅಲ್ಲಿಯವರೆಗೆ ಎದೆಹಾಲು ಹಿಂಡಿ, ಹೊಟ್ಟೆಗೆ ಇಳಿಸಿದ ಕೊಳವೆಯಲ್ಲಿ ಎರಡು ಮೂರು ಗಂಟೆಗೊಮ್ಮೆ ಬಿಡುತ್ತಾರೆ, ಆಮೇಲೆ ಒಳಲೆ, ಅಂದರೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು. ಬಾಣಂತಿ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ಹಾಲು ತೆಗೆದರೆ ಮಾತ್ರ ಹಾಲು ಬತ್ತದೆ ಉಳಿಯುತ್ತದೆ.

ದಿನ ತುಂಬಿದ ಕೂಸೂ ನವಜಾತ ಶಿಶು ಘಟಕ ಸೇರಬಹುದು. ಹುಟ್ಟುವಾಗ ಆಮ್ಲಜನಕ ಸಿಗದೆ ಮಿದುಳಿಗೆ ಪೆಟ್ಟಾಗಿದ್ದರೆ, ಸೌಲಭ್ಯ ಇರುವಲ್ಲಿ, 6 ಗಂಟೆಯೊಳಗೆ ಶುರುಮಾಡಿ 72 ಗಂಟೆ ಮೈಯನ್ನು 33–34 ಡಿಗ್ರಿಯಲ್ಲಿ ತಂಪಾಗಿಡುತ್ತಾರೆ. ಮೊದಲ 24 ಗಂಟೆಯಲ್ಲೇ ಕಾಮಾಲೆ ಕಂಡರೆ, ಅಥವಾ ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಎಳೆಬಿಸಿಲು ಸಾಲದು, ನೀಲಿ ಬೆಳಕೇ ಬೇಕು. ಸೋಂಕಿನಿಂದ ನಂಜಾದ ಕೂಸಿಗೆ ಜ್ವರ ಬರಲೇಬೇಕೆಂದಿಲ್ಲ. ಹಾಲು ಕುಡಿಯುವುದನ್ನು ಬಿಡುತ್ತದೆ, ತಣ್ಣಗಾಗುತ್ತದೆ, ಜೋಲುತ್ತದೆ.

108ರಲ್ಲಿ ಸಾಗಿಸುವಾಗ ಕೂಸಿನ ಉಸಿರು ಸ್ಥಿರವಾಗಿದ್ದರೆ ಕುಲಾವಿ ಹಾಕಿ, ತಾಯಿಯ ಬರಿ ಎದೆಗೆ ಅವುಚಿ, ಮೇಲೆ ಹೊದಿಸಿ. ತಾಯಿ ಬರಲಾಗದಿದ್ದರೆ ತಂದೆಯ ಎದೆಯೂ ಅಷ್ಟೇ ಬೆಚ್ಚಗೆ. ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಚಿಕಿತ್ಸೆ ಉಚಿತ.

ಮನೆಗೆ ಬಂದ ಮೇಲೆ ಬಹಳ ಮಂದಿ ಮರೆಯುವುದು ಕಣ್ಣಿನ ಪರೀಕ್ಷೆ. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಕೂಸಿಗೆ ಅಕ್ಷಿಪಟಲದ, ಅಂದರೆ ಕಣ್ಣಿನ ಒಳಗೆ ಹಿಂಬದಿಯ ಪರದೆಯ, ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಹೊರಗಿನಿಂದ ಏನೂ ಕಾಣದು. ತಡವಾದರೆ ದೃಷ್ಟಿಯೇ ಹೋಗಬಹುದು. ಸಕಾಲಕ್ಕೆ ಲೇಸರ್ ಮಾಡಿದರೆ ಬಹುಪಾಲು ಉಳಿಯುತ್ತದೆ. ಹುಟ್ಟಿದ 30 ದಿನದೊಳಗೆ, 28 ವಾರಕ್ಕೂ ಮೊದಲಿನದಾದರೆ ಎರಡು ಮೂರು ವಾರದಲ್ಲೇ, ತೋರಿಸಬೇಕು. ಬಾಣಂತನ ತವರಿನಲ್ಲಿ ನಡೆಯುತ್ತಿದ್ದರೆ ಆ ತಾರೀಖನ್ನು ಅಲ್ಲಿನ ಆಶಾ ಕಾರ್ಯಕರ್ತೆಗೂ ಬರೆದುಕೊಡಿ.