ಇವತ್ತಿನ ಕೈಗೆ ಇವತ್ತಿನ ಬ್ಯಾಟು

ಕೇಳುಗರೆಲ್ಲರಿಗೂ ನಮಸ್ಕಾರ.

ಪರೀಕ್ಷೆ ಮುಗಿದವು ಅಂದರೆ ದಾವಣಗೆರೆ, ಚಿತ್ರದುರ್ಗದಲ್ಲಿ ಎರಡು ಕೆಲಸ ಶುರುವಾಗುತ್ತವೆ. ಮಕ್ಕಳು ಬೇಸಿಗೆ ಕ್ರಿಕೆಟ್ ಶಿಬಿರ ಸೇರುತ್ತಾರೆ. ಅಪ್ಪಂದಿರು ಬ್ಯಾಟ್ ತರಲು ಅಂಗಡಿಗೆ ಹೋಗುತ್ತಾರೆ. ಮೊದಲನೆಯದು ನನಗೆ ಬಹಳ ಸಂತೋಷ. ಎರಡನೆಯದರ ಬಗ್ಗೆ ಸ್ವಲ್ಪ ಮಾತಾಡಬೇಕು ಅಂತಲೇ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ನನ್ನದು ಒಂದೇ ಮಾತು. ಇವತ್ತಿನ ಕೈಗೆ ಇವತ್ತಿನ ಬ್ಯಾಟು. ಹುಡುಗ ಇವತ್ತು ಎಷ್ಟು ಎತ್ತರ ಇದ್ದಾನೋ ಅಷ್ಟಕ್ಕೆ ಸರಿಯಾದ ಬ್ಯಾಟ್ ಕೊಡಿಸಿ. ಅವನ ಕೈಗೆ ಹಗುರ ಅನ್ನಿಸುವ ಬ್ಯಾಟ್ ಕೊಡಿಸಿ. ಹುಡುಗಿಯರಿಗೂ ಇದೇ ಮಾತು. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಇಳಿಯುವ ಡಾಕ್ಟರು, ವಕೀಲರು, ಅಂಗಡಿ ಮಾಲೀಕರಿಗೂ ಇದೇ ಮಾತು.

ಸ್ಕೂಲ್ ಯೂನಿಫಾರ್ಮ್ ಹೊಲಿಸುವಾಗ ನಾವು ಒಂದು ಸೈಜ್ ದೊಡ್ಡದೇ ಹೊಲಿಸುತ್ತೇವೆ, ಅಲ್ವಾ? ಬೆಳೆಯೋ ಮಗು, ಮುಂದಿನ ವರ್ಷಕ್ಕೂ ಆಗಲಿ ಅಂತ. ಅಂಗಿಯ ತೋಳು ದೊಡ್ಡದಾದರೆ ಮಡಚಬಹುದು. ಬ್ಯಾಟನ್ನು ಮಡಚಲು ಆಗುವುದಿಲ್ಲ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ನಮ್ಮ ದಾವಣಗೆರೆಗೆ ಕ್ರಿಕೆಟ್ಟಿನಲ್ಲಿ ಹೆಸರು ತಂದವರು ಬೌಲರ್ ಆರ್. ವಿನಯ್ ಕುಮಾರ್. ‘ದಾವಣಗೆರೆ ಎಕ್ಸ್‌ಪ್ರೆಸ್’ ಅಂತ ಇಡೀ ದೇಶ ಅವರನ್ನು ಕರೆಯಿತು. 2013-14, 2014-15, ಸತತ ಎರಡು ವರ್ಷ ಕರ್ನಾಟಕ ರಣಜಿ ಟ್ರೋಫಿ ಗೆದ್ದಾಗ ಅವರೇ ನಾಯಕರು. ಅವರನ್ನು ನೋಡಿ ಬೆಳೆದ ಮಕ್ಕಳಿಗೆ ಚೆಂಡಿನ ಬಗ್ಗೆ ಚೆನ್ನಾಗಿ ಗೊತ್ತು. ಆದರೆ ಚೆಂಡಿಗೂ ಬ್ಯಾಟಿಗೂ ಒಂದು ವ್ಯತ್ಯಾಸ ಇದೆ. ಒಂದು ಪಂದ್ಯದಲ್ಲಿ ಎಲ್ಲ ಬೌಲರುಗಳೂ ಎಸೆಯುವುದು ಅದೇ ಚೆಂಡನ್ನು. ಬ್ಯಾಟು ಹಾಗಲ್ಲ. ಅದು ಅವರವರ ಮೈಗೆ, ಅವರವರ ಕೈಗೆ.

ಬ್ಯಾಟಿನಲ್ಲಿ ನಾವು ಆರಿಸುವಂಥದ್ದು ಏನೇನು? ಅಗಲ ನಮ್ಮ ಕೈಯಲ್ಲಿಲ್ಲ. 1771ರಲ್ಲಿ ಇಂಗ್ಲೆಂಡಿನಲ್ಲಿ ವೈಟ್ ಎಂಬ ಆಟಗಾರ ಇಡೀ ವಿಕೆಟ್ಟನ್ನೇ ಮುಚ್ಚುವಷ್ಟು ಅಗಲದ ಬ್ಯಾಟ್ ಹಿಡಿದು ಬಂದ. ಎದುರಾಳಿ ತಂಡ ಸುಮ್ಮನಿರುತ್ತದಾ? ಆಮೇಲೆ ಅಗಲ ನಾಲ್ಕೂಕಾಲು ಅಂಗುಲ ಮೀರಬಾರದು ಅಂತ ನಿಯಮ ಆಯಿತು. ಇವತ್ತಿಗೂ ಅದೇ ಅಳತೆ. ನಮಗೆ ಉಳಿದದ್ದು ಉದ್ದ, ತೂಕ, ಹಿಡಿಕೆ, ಮರ. ಇದರಲ್ಲಿ ಉದ್ದ ಮತ್ತು ತೂಕ, ಇವೆರಡು ಸರಿ ಆದರೆ ಮಿಕ್ಕಿದ್ದು ತಾನಾಗಿ ಸರಿ ಹೋಗುತ್ತದೆ.

ಇಲ್ಲಿ, ನಾನು ಆಟ ಹೇಳಿಕೊಡುವ ಶಿಬಿರಕ್ಕೆ ಬಂದ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಜಗಳೂರು ಕಡೆಯ ಹುಡುಗ. ಏಳನೇ ಕ್ಲಾಸು. ಅಪ್ಪ ಮೆಕ್ಕೆಜೋಳ ಬೆಳೆಯುವವರು. ಆ ವರ್ಷ ಜೋಳಕ್ಕೆ ಒಳ್ಳೆ ರೇಟು ಸಿಕ್ಕಿತ್ತು. ಮಗನಿಗೆ ಕ್ರಿಕೆಟ್ ಹುಚ್ಚು ಅಂತ ಬೆಂಗಳೂರಿಗೇ ಹೋಗಿ ದೊಡ್ಡ ಅಂಗಡಿಯಲ್ಲಿ ಬ್ಯಾಟ್ ತಂದಿದ್ದರು. ಇಂಗ್ಲಿಷ್ ವಿಲ್ಲೋ ಅನ್ನುವ ದುಬಾರಿ ಮರದ್ದು. ದೊಡ್ಡವರ ಫುಲ್ ಸೈಜು. ಅದರ ಮೇಲಿನ ಪ್ಲಾಸ್ಟಿಕ್ ಕವರನ್ನು ಶಿಬಿರಕ್ಕೆ ಬಂದ ಮೇಲೆಯೇ ಬಿಚ್ಚಿದರು. ಬ್ಯಾಟ್ ನಿಜಕ್ಕೂ ಚೆಂದ ಇತ್ತು. ಎಳೆ ಎಲ್ಲ ನೇರ, ಬಣ್ಣ ಬೆಣ್ಣೆಯ ಹಾಗೆ.

ಹುಡುಗ ನೆಟ್ಸ್‌ಗೆ, ಅಂದರೆ ಬಲೆ ಕಟ್ಟಿದ ಅಭ್ಯಾಸದ ಜಾಗಕ್ಕೆ ಇಳಿದ. ನಿಲ್ಲುವಾಗಲೇ ತೊಂದರೆ ಕಾಣಿಸಿತು. ಬ್ಯಾಟನ್ನು ಪಾದದ ಪಕ್ಕ ಊರಿದರೆ ಹಿಡಿಕೆಯ ತುದಿ ಅವನ ಹೊಟ್ಟೆಗೆ ತಾಗುತ್ತಿತ್ತು. ಅದಕ್ಕೆ ಅವನು ಎರಡೂ ಕೈಯನ್ನು ಹಿಡಿಕೆಯ ತೀರಾ ಕೆಳಗೆ ಇಳಿಸಿದ್ದ. ಬಲಗೈಯ ತೋರುಬೆರಳು ಹಿಡಿಕೆ ದಾಟಿ ಬ್ಯಾಟಿನ ಹೆಗಲ ಮೇಲೆ ಕೂತಿತ್ತು. ಚೆಂಡು ಬಂತು. ಬ್ಯಾಟು ನೇರ ಎತ್ತಲು ಆಗಲಿಲ್ಲ. ಭಾರಕ್ಕೆ ಅದು ಹೊರಗಡೆ ವಾಲಿತು, ಅಲ್ಲಿಂದ ಅಡ್ಡಡ್ಡ ಬಂತು. ಚೆಂಡು ಆಗಲೇ ಸ್ಟಂಪಿನಲ್ಲಿ. ಮತ್ತೆ ಬಂತು, ಮತ್ತೆ ಹಾಗೇ. ಎಡ ಮೊಣಕೈ ಮೇಲೇಳುತ್ತಲೇ ಇಲ್ಲ. ಹೇಗೆ ಎದ್ದೀತು? ಬ್ಯಾಟು ಹಿಡಿದು ನಿಲ್ಲುವುದಕ್ಕೇ ಅವನ ಶಕ್ತಿಯೆಲ್ಲ ಖರ್ಚಾಗುತ್ತಿತ್ತು. ವಾರ ಕಳೆಯುವುದರಲ್ಲಿ ಮಣಿಕಟ್ಟು ನೋವು ಅಂತ ಬಟ್ಟೆ ಸುತ್ತಿಕೊಂಡು ಬರತೊಡಗಿದ.

ಅಪ್ಪನಿಗೆ ಬೇಜಾರು. ‘ಅವನಿಗೆ ಆಟ ಹತ್ತಂಗಿಲ್ಲ ಅನ್ಸುತ್ತೆ ಸಾರ್, ಬಿಡಿಸಿಬಿಡ್ಲಾ?’ ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಕಿಟ್ ಬ್ಯಾಗಿನಲ್ಲಿ ಮಕ್ಕಳ ನಾಲ್ಕನೇ ಸೈಜಿನ ಹಳೇ ಬ್ಯಾಟೊಂದು ಬಿದ್ದಿತ್ತು. ಸ್ಟಿಕ್ಕರ್ ಎಲ್ಲ ಕಿತ್ತುಹೋಗಿತ್ತು, ತಳಕ್ಕೆ ದಾರ ಸುತ್ತಿತ್ತು. ಅದನ್ನು ಹುಡುಗನ ಕೈಗೆ ಕೊಟ್ಟೆ. ಬೇರೆ ಏನೂ ಹೇಳಿಕೊಡಲಿಲ್ಲ. ಕೈ ತಾನಾಗಿ ಹಿಡಿಕೆಯ ಮೇಲಕ್ಕೆ ಹೋಯಿತು. ಮೊಣಕೈ ಎದ್ದಿತು. ಮೊದಲ ಎರಡು ಚೆಂಡು ಬೇಗ ಬೀಸಿದ, ಸಿಗಲಿಲ್ಲ. ಅಭ್ಯಾಸ ಭಾರದ್ದಾಗಿತ್ತಲ್ಲ. ಮೂರನೆಯದು ಬ್ಯಾಟಿನ ನಡುವಿಗೆ ಸಿಕ್ಕಿ ಬೌಲರ್ ಪಕ್ಕದಲ್ಲೇ ನೇರ ಹೋಯಿತು. ಆ ಸದ್ದು ಕೇಳಿ ಪಕ್ಕದ ನೆಟ್ಸ್‌ನವರು ತಿರುಗಿ ನೋಡಿದರು. ಹುಡುಗನೂ ತಾನು ಹೊಡೆದ ಚೆಂಡನ್ನೇ ನೋಡುತ್ತಾ ನಿಂತುಬಿಟ್ಟ.

ಅಪ್ಪ ತಕ್ಷಣ ಕೇಳಿದ್ದೇನು ಗೊತ್ತಾ? ‘ಹಂಗಾದ್ರೆ ದೊಡ್ಡ ಬ್ಯಾಟನ್ನ ನಮ್ಮ ಬಡಗಿ ಹತ್ರ ಕೊಯ್ಸಿ ಚಿಕ್ಕದು ಮಾಡಿಸ್ಲಾ?’ ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಕೊಯ್ಸಬೇಡಿ. ಕೆಳಗೆ ಕೊಯ್ದರೆ ಬ್ಯಾಟಿನ ತಳ ಹಾಳು. ಚೆಂಡು ತಾಗುವ ಒಳ್ಳೆಯ ಜಾಗವೂ ಲೆಕ್ಕ ತಪ್ಪುತ್ತದೆ. ಮೇಲೆ ಹಿಡಿಕೆ ಕೊಯ್ದರೆ ಇನ್ನೊಂದು ತೊಂದರೆ. ಕೈಗಿಂತ ಮೇಲಕ್ಕೆ ಉಳಿಯುವ ಆ ತುಂಡು ಕೆಳಗಿನ ಭಾರಕ್ಕೆ ಎದುರು ತೂಕ. ಅದನ್ನು ತೆಗೆದರೆ ತಕ್ಕಡಿಯಲ್ಲಿ ಬ್ಯಾಟು ಸ್ವಲ್ಪ ಹಗುರ ಆಗುತ್ತದೆ. ಆದರೆ ಕೈಗೆ ಬ್ಯಾಟಿನ ಮೂತಿ, ಅಂದರೆ ಕೆಳತುದಿ, ಇನ್ನೂ ಭಾರ ಅನ್ನಿಸುತ್ತದೆ. ಉದ್ದ ಕಡಿಮೆ ಆಯಿತು, ಎತ್ತುವುದು ಕಷ್ಟವೇ ಉಳಿಯಿತು. ಅವರು ಕೊನೆಗೆ ಆ ಬ್ಯಾಟನ್ನು ಶಿಬಿರದ ಒಬ್ಬ ದೊಡ್ಡ ಹುಡುಗನಿಗೆ ಮಾರಿದರು. ಮಗನಿಗೆ ಇಲ್ಲೇ ದಾವಣಗೆರೆಯಲ್ಲಿ ನಾಲ್ಕನೇ ಸೈಜಿನ ಕಾಶ್ಮೀರ ವಿಲ್ಲೋ ಕೊಡಿಸಿದರು. ಕೈಯಲ್ಲಿ ದುಡ್ಡೂ ಉಳಿಯಿತು. ಮಣಿಕಟ್ಟಿನ ಬಟ್ಟೆಯೂ ಹೋಯಿತು.

ಇವತ್ತಿನ ಕೈಗೆ ಇವತ್ತಿನ ಬ್ಯಾಟು. ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಯಾಕೆಂದರೆ ಪ್ರತಿ ಏಪ್ರಿಲ್‌ನಲ್ಲೂ ಇದೇ ನಡೆಯುತ್ತದೆ.

ಈಗ ಅಳತೆ ಹೇಳುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ. ಮಕ್ಕಳ ಬ್ಯಾಟಿಗೆ 1ರಿಂದ 6ರ ತನಕ ಸೈಜು. ಆಮೇಲೆ ಹ್ಯಾರೋ, ಅಂದರೆ ಮಕ್ಕಳ ಸೈಜಿಗೂ ದೊಡ್ಡವರ ಸೈಜಿಗೂ ನಡುವಿನದು. ಆಮೇಲೆ ದೊಡ್ಡವರ ಶಾರ್ಟ್ ಹ್ಯಾಂಡಲ್, ಫುಲ್ ಸೈಜು ಅನ್ನುವುದು ಇದನ್ನೇ. ಎತ್ತರ 4 ಅಡಿ 9 ಅಂಗುಲದಿಂದ ಹೆಚ್ಚೂಕಡಿಮೆ 5 ಅಡಿ ಇದ್ದರೆ 4ನೇ ಸೈಜು. 5 ಅಡಿ 2 ಅಂಗುಲದ ತನಕ 5ನೇ ಸೈಜು. 5 ಅಡಿ 5ರ ತನಕ 6ನೇ ಸೈಜು. 5 ಅಡಿ 8ರ ತನಕ ಹ್ಯಾರೋ. ಅದಕ್ಕಿಂತ ಎತ್ತರ ಇದ್ದವರಿಗೆ ಶಾರ್ಟ್ ಹ್ಯಾಂಡಲ್. ಲಾಂಗ್ ಹ್ಯಾಂಡಲ್ ಬೇಕಾಗುವುದು 6 ಅಡಿ ದಾಟಿದ ಮೇಲೆ. ವಯಸ್ಸು ನೋಡಿ ಸೈಜು ಹೇಳುವ ಅಂಗಡಿಯವರ ಮಾತು ಕೇಳಬೇಡಿ. ಹನ್ನೆರಡು ವರ್ಷದ ಇಬ್ಬರು ಮಕ್ಕಳು ಒಂದೇ ಎತ್ತರ ಇರುತ್ತಾರಾ?

ಮುಖ್ಯವಾಗಿ, ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಸರ್ಪ್ರೈಸ್ ಗಿಫ್ಟ್ ಅಂತ ಸುಮ್ನೆ ತರಬೇಡಿ. ಆಡುವ ಶೂ ಹಾಕಿಸಿ, ನೇರ ನಿಲ್ಲಿಸಿ. ಬ್ಯಾಟನ್ನು ಪಾದದ ಪಕ್ಕ ಊರಿ. ಹಿಡಿಕೆಯ ತುದಿ ತೊಡೆಯ ಮೇಲ್ಭಾಗಕ್ಕೆ ಬಂದರೆ ಸರಿ. ಸೊಂಟಕ್ಕೆ ಬಂತು ಅಂದರೆ ಒಂದು ಸೈಜ್ ಇಳಿಸಿ.

ಆಮೇಲೆ ತೂಕ. ಬಲಗೈ ಆಟಗಾರ ಆದರೆ ಎಡಗೈ ಒಂದರಲ್ಲೇ ಬ್ಯಾಟ್ ಹಿಡಿಯಲಿ. ಮೇಲಿನ ಕೈ ಅದೇ ತಾನೇ. ಮುಂದಕ್ಕೆ ಚಾಚಿ ಹಿಡಿದು ಇಪ್ಪತ್ತು ಎಣಿಸಲಿ. ಕೈ ನಡುಗಿದರೆ, ಹೆಗಲು ಓರೆ ಆದರೆ ಆ ಬ್ಯಾಟು ಬೇಡ. ಇನ್ನೊಂದು ವಿಷಯ. ತಕ್ಕಡಿಯಲ್ಲಿ ಎರಡು ಬ್ಯಾಟೂ 1,180 ಗ್ರಾಂ ತೂಗಬಹುದು. ಒಂದು ಹಗುರ ಅನ್ನಿಸುತ್ತದೆ, ಇನ್ನೊಂದು ಭಾರ ಅನ್ನಿಸುತ್ತದೆ. ಭಾರ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಅದು ಹೋಗುತ್ತದೆ. ಮೂತಿಯಲ್ಲಿ ಕೂತಿದ್ದರೆ ಭಾರ. ಸ್ವಲ್ಪ ಮೇಲೆ ಕೂತಿದ್ದರೆ ಹಗುರ. ಆದ್ದರಿಂದ ಗ್ರಾಂ ಕೇಳಿ ಬ್ಯಾಟ್ ಕೊಳ್ಳಬೇಡಿ, ಎತ್ತಿ ನೋಡಿ ಕೊಳ್ಳಿ. ನಾಲ್ಕಾರು ಬ್ಯಾಟ್ ಎತ್ತಿ ನೋಡಲು ಬಿಡದ ಅಂಗಡಿ ಆದರೆ ಪಕ್ಕದ ಅಂಗಡಿಗೆ ಹೋಗಿ.

ಭಾನುವಾರದ ಆಟಗಾರರೇ, ನಿಮಗೂ ಒಂದು ಮಾತು. ಸಚಿನ್ ಭಾರದ ಬ್ಯಾಟಿನಲ್ಲಿ ಆಡಿದರು, ನನಗೂ ಅಂಥದ್ದೇ ಬೇಕು ಅನ್ನುತ್ತೀರಿ. ಸಚಿನ್ ಚಿಕ್ಕಂದಿನಿಂದ ದಿನವಿಡೀ ಆಡಿ ಆ ಭಾರ ಪಳಗಿಸಿಕೊಂಡವರು. ನೀವು ವಾರಕ್ಕೊಮ್ಮೆ ಆಡುವವರು. ಟಿವಿಯಲ್ಲಿ ಕಾಣುವ ದಪ್ಪ ಅಂಚಿನ ಬ್ಯಾಟುಗಳ ಆಸೆಯೂ ಬೇಡ. ದಪ್ಪ ವಿಪರೀತ ಆಯಿತು ಅಂತಲೇ 2017ರಲ್ಲಿ ನಿಯಮ ಬಂತು. ಅಂಚು 40 ಮಿಲಿಮೀಟರ್, ಒಟ್ಟು ದಪ್ಪ 67 ಮಿಲಿಮೀಟರ್ ಮೀರಬಾರದು. ಅಷ್ಟು ದಪ್ಪ ಇದ್ದೂ ಹಗುರ ಇರಬೇಕಾದರೆ ಮರವನ್ನು ಚೆನ್ನಾಗಿ ಒಣಗಿಸಿರುತ್ತಾರೆ. ಅಂಥ ಬ್ಯಾಟು ಬೇಗ ಒಡೆಯುತ್ತದೆ. ದೊಡ್ಡ ಆಟಗಾರರಿಗೆ ಕಂಪನಿ ಇನ್ನೊಂದು ಕೊಡುತ್ತದೆ. ನಿಮಗೆ ಯಾರು ಕೊಡುತ್ತಾರೆ? ಕೈಗೆ ಹಗುರ, ಅಂಚು ಸಾಧಾರಣ. ಇಂಥದ್ದು ಸಾಕು.

ಸಮಯ ಓಡುತ್ತಿದೆ, ಮರದ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಶ್ಮೀರ ವಿಲ್ಲೋ ಗಟ್ಟಿ, ಸ್ವಲ್ಪ ಭಾರ, ಬೆಲೆ ಕಡಿಮೆ. ಕಲಿಯುವ ಮಕ್ಕಳಿಗೆ ಅದೇ ಸರಿ. ಇಂಗ್ಲಿಷ್ ವಿಲ್ಲೋ ಮೃದು, ಚೆಂಡು ಚೆನ್ನಾಗಿ ಚಿಮ್ಮುತ್ತದೆ, ಬೆಲೆ ಜಾಸ್ತಿ. ಲೆದರ್ ಬಾಲಿನಲ್ಲಿ ಪಂದ್ಯ ಆಡುವ ಹಂತಕ್ಕೆ ಬಂದ ಮೇಲೆ ನೋಡೋಣ. ಟೆನಿಸ್ ಬಾಲ್ ಟೂರ್ನಮೆಂಟಿನ ಬ್ಯಾಟನ್ನು ಲೆದರ್ ಬಾಲಿಗೆ ತರಲೇಬೇಡಿ, ಸೀಳುತ್ತದೆ. ಗ್ರೇಡ್ ಒಂದು, ಗ್ರೇಡ್ ಎರಡು ಅನ್ನುವುದು ಹೆಚ್ಚಾಗಿ ನೋಟದ ವಿಷಯ. ಕಪ್ಪು ಮಚ್ಚೆ ಇದ್ದ ಮಾತ್ರಕ್ಕೆ ಬ್ಯಾಟು ಕೆಟ್ಟದ್ದಲ್ಲ. ನಮ್ಮ ಕಡೆ ಮ್ಯಾಟಿಂಗ್ ಮೇಲೆ, ಅಂದರೆ ಪಿಚ್ಚಿಗೆ ಹಾಸಿದ ಚಾಪೆ ಮೇಲೆ ಆಡುವವರು ಜಾಸ್ತಿ. ಮ್ಯಾಟ್ ಮೇಲೆ ಚೆಂಡು ಎದ್ದು ಬರುತ್ತದೆ. ಬ್ಯಾಟಿನ ಹಿಂಬದಿಯ ದಪ್ಪ ಉಬ್ಬು ತೀರಾ ಕೆಳಗಿರುವುದು ಬೇಡ, ನಡುವಿಗೆ ಇರಲಿ. ಮಕ್ಕಳ ಬ್ಯಾಟಿನ ಹಿಡಿಕೆಗೆ ಒಂದೇ ರಬ್ಬರ್ ಗ್ರಿಪ್ ಸಾಕು. ಎರಡು ಹಾಕಿದರೆ ಚಿಕ್ಕ ಬೆರಳುಗಳು ಸುತ್ತುವರಿಯುವುದಿಲ್ಲ.

ಕೊನೆಗೆ ಎಣ್ಣೆ. ಹೊಸ ವಿಲ್ಲೋ ಬ್ಯಾಟಿಗೆ ಹಸಿ ಅಗಸೆ ಎಣ್ಣೆ ಹಚ್ಚಿ. ಪೇಂಟ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಎಣ್ಣೆ ಬೇಡ. ಬಟ್ಟೆಯಲ್ಲಿ ಅದ್ದಿ, ಮುಖಕ್ಕೆ, ಅಂಚಿಗೆ, ತಳಕ್ಕೆ ತೆಳ್ಳಗೆ ಸವರಿ. ಹಿಡಿಕೆ ಸೇರುವ ಮೂಲೆಗೆ ಮುಟ್ಟಿಸಬೇಡಿ, ಅಲ್ಲಿ ಅಂಟು ಬಿಡುತ್ತದೆ. ಬ್ಯಾಟನ್ನು ನಿಲ್ಲಿಸದೆ, ಮುಖ ಮೇಲೆ ಮಾಡಿ ರಾತ್ರಿ ಮಲಗಿಸಿ ಇಡಿ. ಹೀಗೆ ಎರಡು ಮೂರು ಸಲ. ಆಮೇಲೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯಲು ಶುರು ಮಾಡಿ. ದಿನಕ್ಕೆ ಅರ್ಧ ಗಂಟೆ, ಒಟ್ಟು ಐದಾರು ಗಂಟೆ ಆಗಲಿ. ಅಂಚನ್ನು ಓರೆಯಾಗಿ ಬಡಿದು ಗುಂಡಗೆ ಮಾಡಿ. ನಂತರ ಹಳೇ ಚೆಂಡಿನಲ್ಲಿ ಮೆಲ್ಲಗೆ ಆಡಿಸಿ. ಅಷ್ಟಾದ ಮೇಲೆ ಹೊಸ ಚೆಂಡು. ನಮ್ಮ ಬಯಲುಸೀಮೆಯ ಬಿಸಿಲಿಗೆ ಮರ ಒಣಗಿ ಬಿರಿಯುತ್ತದೆ. ಆಟ ಮುಗಿದ ಮೇಲೆ ಬ್ಯಾಟನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಮನೆಯೊಳಗೆ ತಂದು ಇಡಿ.

ನಾಳೆ ಅಂಗಡಿಗೆ ಹೋಗುವವರು ಮಗುವಿನ ಆಡುವ ಶೂ ಮರೆಯಬೇಡಿ. ನಮಸ್ಕಾರ.